ಮೀಟಿಂಗ್ ಆಗಿ ಎರಡು ದಿನಕ್ಕೆ

ಮಂಗಳವಾರದ ಮೀಟಿಂಗಲ್ಲಿ ನಾನು ಚೆನ್ನಾಗೇ ಇದ್ದೆ. ಒಂದೂವರೆ ಗಂಟೆ ಮಾತಾಡಿದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಮುಗಿದ ಮೇಲೆ ಮ್ಯಾನೇಜರ್ ಬಂದು "ಈಗ ಪೂರ್ತಿ ಹುಷಾರಾದ್ರಿ ಅನ್ಸತ್ತೆ, ಮುಖದಲ್ಲಿ ಕಳೆ ಬಂದಿದೆ" ಅಂದ್ರು. ಅವರಿಗೂ ಖುಷಿ, ನನಗೂ ಖುಷಿ. ಬುಧವಾರ ಗಂಟಲು ಕೆರೆತ, ಸ್ವಲ್ಪ ಮೈಕೈ ನೋವು. ಗುರುವಾರ ಬೆಳಗ್ಗೆ ಎಚ್ಚರ ಆದಾಗ ಹೊದಿಕೆ ಸರಿಸೋಕೂ ಕೈ ಏಳ್ಲಿಲ್ಲ.

ನನಗಿರೋ ಕಾಯಿಲೆ ಕ್ರಾನಿಕ್ ಫಟೀಗ್ ಸಿಂಡ್ರೋಮ್. ಸುಸ್ತು ಅಂತ ಹೇಳಿದ್ರೆ ಜನಕ್ಕೆ ಅರ್ಥ ಆಗಲ್ಲ, ಯಾಕಂದ್ರೆ ಸುಸ್ತು ಎಲ್ಲರಿಗೂ ಆಗತ್ತೆ, ಒಂದು ನಿದ್ದೆ ಮಾಡಿ ಎದ್ರೆ ಸರಿಹೋಗತ್ತೆ. ನನಗೆ ಒಂಬತ್ತು ಗಂಟೆ ಮಲಗಿ ಎದ್ರೂ ರಾತ್ರಿಯೆಲ್ಲ ಮೂಟೆ ಹೊತ್ತ ಹಾಗೇ ಇರತ್ತೆ. ಅವತ್ತು ಸ್ಟೂಲ್ ಮೇಲೆ ಕೂತ್ಕೊಂಡು ಹಲ್ಲುಜ್ಜಿದೆ. ಬ್ರಷ್ ಹಿಡಿದ ಕೈ ಭಾರ ಅಂತ ಮೊಣಕೈನ ಬೇಸಿನ್ ಅಂಚಿಗೆ ಊರಿದೆ, ಆದ್ರೂ ಅರ್ಧಕ್ಕೆ ನಿಲ್ಲಿಸಿ ಬಾಯಲ್ಲಿ ನೊರೆ ಇಟ್ಕೊಂಡೇ ಕಣ್ಣು ಮುಚ್ಚಿ ಕೂತುಬಿಟ್ಟೆ. ಆಮೇಲೆ ಮಲಗಿದಲ್ಲೇ ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ಮೂರೇ ಸಾಲಿನ ಒಂದು ಮೇಲ್, ಮೂರನೇ ಸಾಲಿಗೆ ಬರೋಷ್ಟರಲ್ಲಿ ಮೊದಲನೇದು ಮರೆತುಹೋಗ್ತಿತ್ತು. ನಾಲ್ಕು ಸಲ ಓದಿದೆ. ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋಳು ನಾನು, ಅಳು ಬಂತು, ಅಳೋಕೂ ಶಕ್ತಿ ಸಾಲ್ಲಿಲ್ಲ.

ಈ ಕಾಯಿಲೆಗೆ 1988ರಲ್ಲಿ ಆ ಹೆಸರಿಟ್ಟಾಗ ಬರೀ ಫಟೀಗ್, ಅಂದ್ರೆ ಸುಸ್ತು, ಅನ್ನೋದನ್ನೇ ಹಿಡ್ಕೊಂಡ್ರು, ಅದರಿಂದ ನಮಗೆ ಅನ್ಯಾಯ ಆಗಿದೆ ಅಂತಾನೇ ನನ್ನ ಅಭಿಪ್ರಾಯ. ಮುಖ್ಯ ಲಕ್ಷಣ ಬೇರೆ ಇದೆ, ಪೋಸ್ಟ್ ಎಕ್ಸರ್ಷನಲ್ ಮಲೈಸ್ ಅಂತ. ಮೈಗಾಗ್ಲಿ ತಲೆಗಾಗ್ಲಿ ತಡೆಯೋದಕ್ಕಿಂತ ಜಾಸ್ತಿ ಕೆಲಸ ಬಿದ್ರೆ ಎಷ್ಟೋ ಸಲ 12ರಿಂದ 48 ಗಂಟೆ ಕಳೆದ ಮೇಲೆ ಮೈ ಕುಸಿಯತ್ತೆ, ಕೆಲವು ಸಲ ವಾರಗಟ್ಟಲೆ ಏಳೋಕಾಗಲ್ಲ. ಇದನ್ನ ಹಿಡಿಯೋ ರಕ್ತ ಪರೀಕ್ಷೆ ಯಾವುದೂ ಇಲ್ಲ. ನನ್ನ ಥೈರಾಯ್ಡ್, ಹಿಮೋಗ್ಲೋಬಿನ್, ಶುಗರ್ ಎಲ್ಲ ನಾರ್ಮಲ್ ಅಂತ ಬಂದಾಗ ಡಾಕ್ಟರೊಬ್ಬರು ದಿನಾ ಸ್ವಲ್ಪ ಸ್ವಲ್ಪ ವಾಕಿಂಗ್ ಜಾಸ್ತಿ ಮಾಡ್ತಾ ಹೋಗಿ ಅಂದ್ರು, ನಾನು ನಂಬಿ ಮಾಡಿದೆ, ಮೂರನೇ ವಾರಕ್ಕೆ ಹಾಸಿಗೆ ಹಿಡಿದೆ. ಹೀಗೆ ಲೆಕ್ಕ ಹಾಕಿ ವ್ಯಾಯಾಮ ಏರಿಸೋದನ್ನ ಚಿಕಿತ್ಸೆಯಾಗಿ ಕೊಡಬಾರದು ಅಂತ ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡೋ ನೈಸ್ ಸಂಸ್ಥೆ 2021ರಲ್ಲೇ ಅದನ್ನ ಬದಲಾಯಿಸಿದೆ. ನನಗೆ ಅದು ಗೊತ್ತಾಗಿದ್ದು ಬಿದ್ದ ಮೇಲೆ.

ಆಫೀಸಿನವರು ನೋಡೋದು ನನ್ನ ಮಂಗಳವಾರ ಮಾತ್ರ, ಗುರುವಾರ ನೋಡೋಕೆ ಅಲ್ಲಿ ನಾನೇ ಇರಲ್ಲ. ಅಂಥ ದಿನ ಫೋನ್ ಬಂದ್ರೆ ಎತ್ತದೆ ಸುಮ್ನಾಗ್ತಿದ್ದೆ, ಚೇತರಿಸ್ಕೊಂಡ ಮೇಲೆ ನಗ್ತಾ ಮಾತಾಡ್ತಿದ್ದೆ. ಹಾಗೆ ಮುಚ್ಚಿಟ್ಟಿದ್ದು ನನ್ನದೇ ತಪ್ಪು. ಆ ಗುರುವಾರ ಮ್ಯಾನೇಜರ್ ಫೋನ್ ಮಾಡಿದಾಗ ಎತ್ತಿದೆ. ಆಫೀಸಿನ ಒಂದು ಶೀಟ್ ಬಗ್ಗೆ ಕೇಳಿದ್ರು, ಒಂದು ವಾಕ್ಯದ ನಡುವೆ ಪದ ಸಿಗದೆ ನಿಂತೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆ ಕಡೆಯಿಂದಲೂ ಮಾತಿಲ್ಲ. ಆಮೇಲೆ ಮೆತ್ತಗೆ "ನೀವು ಮಲಗಿ, ಇದು ಹೀಗಿರತ್ತೆ ಅಂತ ನನಗೆ ಗೊತ್ತಿರ್ಲಿಲ್ಲ" ಅಂದ್ರು.

ಎಚ್‌ಆರ್ ಫಾರ್ಮಲ್ಲಿ ಯಾವ ತಾರೀಖಿಂದ ಪೂರ್ತಿ ಕೆಲಸಕ್ಕೆ ಬರ್ತೀರಿ ಅಂತ ಒಂದು ಕಾಲಂ ಇತ್ತು, ಅದಕ್ಕೆ ಏನೂ ಬರೀಲಿಲ್ಲ. ಈಗ ದಿನಕ್ಕೆ ನಾಲ್ಕು ಗಂಟೆ ಕೆಲಸ, ಎರಡು ಗಂಟೆ ಆದ್ಮೇಲೆ ಕತ್ತಲೆ ರೂಮಲ್ಲಿ ಮಲಗಿ ಮತ್ತೆ ಎರಡು. ಸಂಬಳ ಅರ್ಧ ಆಗಿದೆ, ಅದರ ಚಿಂತೆ ದೊಡ್ಡದೇ. ಮುಂದಿನ ಮಂಗಳವಾರ ಮತ್ತೆ ಮೀಟಿಂಗ್ ಇದೆ, ಸೋಮವಾರ ರಜೆ ಹಾಕಿದೀನಿ, ಬುಧ ಗುರು ಶುಕ್ರ ಯಾವ ಕೆಲಸಾನೂ ಇಟ್ಕೊಂಡಿಲ್ಲ.