ಅಡ್ವಾನ್ಸ್ ಕೊಟ್ಟ ಮೇಲೆ ನನ್ನನ್ನು ಕರೆದರೆ

ನಾನು ಸಿವಿಲ್ ಎಂಜಿನಿಯರ್. ಬ್ಯಾಂಕುಗಳಿಗೆ ಮನೆ ವ್ಯಾಲ್ಯುಯೇಷನ್ ಮಾಡಿಕೊಡುವುದು, ಅಂದರೆ ಮನೆಗೆ ಬೆಲೆ ಕಟ್ಟಿಕೊಡುವುದು, ನನ್ನ ಕೆಲಸ. ನಾನು ಹೋಗುವುದು ಯಾವಾಗಲೂ ತಡವಾಗಿಯೇ. ಅಷ್ಟೊತ್ತಿಗೆ ರೇಟು ಮಾತಾಗಿರುತ್ತದೆ, ಅಡ್ವಾನ್ಸ್ ಹೋಗಿರುತ್ತದೆ, ದೇವರ ಫೋಟೋ ಎಲ್ಲಿಡಬೇಕು ಅಂತಲೂ ತೀರ್ಮಾನ ಆಗಿರುತ್ತದೆ.

ಮೈಸೂರಿನ ರಿಂಗ್ ರೋಡ್ ಹತ್ತಿರದ ಒಂದು ಮನೆ ಇನ್ನೂ ನೆನಪಿದೆ. 30×40 ಸೈಟು, 15 ಚದರದ (1,500 ಚದರಡಿ) ಮನೆ, ಕಟ್ಟಿ 14 ವರ್ಷ. ಓನರ್ ಹೇಳಿದ್ದು 1 ಕೋಟಿ 5 ಲಕ್ಷ. ಕೊಳ್ಳುತ್ತಿದ್ದ ಹುಡುಗನಿಗೆ ಇದೇ ಮೊದಲ ಮನೆ. ಚೌಕಾಸಿ ಮಾಡಿ 98ಕ್ಕೆ ಇಳಿಸಿದ್ದ. ಏಳು ಲಕ್ಷ ಉಳಿಸಿದೆ ಅಂತ ಖುಷಿ. ಆದರೆ ಆ ಮನೆ ಎಷ್ಟು ಬೆಲೆ ಬಾಳುತ್ತದೆ ಅಂತ ಲೆಕ್ಕವನ್ನೇ ಹಾಕಿರಲಿಲ್ಲ.

ನಾನು ಹಾಕಿದೆ. ಆ ಬೀದಿಯಲ್ಲಿ ಈಚೆಗೆ ನಿಜವಾಗಿ ಮಾರಾಟವಾದ ಸೈಟುಗಳ ದರ ಚದರಡಿಗೆ 5,000. 1,200 ಅಡಿಗೆ 60 ಲಕ್ಷ. ಅದೇ ಕಟ್ಟಡ ಇವತ್ತು ಕಟ್ಟಿದರೆ ಚದರಕ್ಕೆ 2 ಲಕ್ಷದಂತೆ 30 ಲಕ್ಷ. ಸವಕಳಿ ಕಳೆದರೆ 24ರ ಹತ್ತಿರ. ಒಟ್ಟು 84. ತೇಗದ ಬಾಗಿಲು, ಹೊಳೆಯುವ ಗ್ರಾನೈಟ್ ನೋಡಿದರೆ ಮನಸ್ಸು ಕರಗುತ್ತದೆ, ನನಗೂ ಕರಗುತ್ತದೆ. ರಿಪೋರ್ಟಿನಲ್ಲಿ ಅದಕ್ಕೆ ಜಾಸ್ತಿ ಜಾಗ ಇಲ್ಲ.

ಅಗ್ರಿಮೆಂಟ್ ಬೆಲೆ, ವ್ಯಾಲ್ಯುಯೇಷನ್ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬ್ಯಾಂಕು ಹಿಡಿಯುತ್ತದೆ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಶೇ. 80. ಅಂದರೆ 84ರಲ್ಲಿ 67 ಲಕ್ಷ. ಅವನು 75 ಸಿಗುತ್ತದೆ ಅಂದುಕೊಂಡಿದ್ದ. ಇನ್ನು ರಿಜಿಸ್ಟ್ರೇಷನ್ ಖರ್ಚು. ಸೆಸ್, ಸರ್‌ಚಾರ್ಜ್ ಸೇರಿ ಸ್ಟಾಂಪ್ ಡ್ಯೂಟಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. 98 ಲಕ್ಷಕ್ಕೆ ಹತ್ತಿರ ಹತ್ತಿರ ಏಳೂವರೆ ಲಕ್ಷ. ಅದಕ್ಕೆ ಸಾಲ ಇಲ್ಲ, ಕೈಯಿಂದಲೇ ಕೊಡಬೇಕು. ಹುಡುಗನ ಹತ್ತಿರ ಇದ್ದದ್ದು 28 ಲಕ್ಷ. ಬೇಕಾಗಿದ್ದು 38 ಚಿಲ್ಲರೆ.

"ಸರ್, ರಿಪೋರ್ಟಲ್ಲಿ ಸ್ವಲ್ಪ ಜಾಸ್ತಿ ಬರೀರಿ" ಅಂದ. ಬರೆಯೋಕಾಗಲ್ಲ ಅಂದೆ. ಲೋನ್ ಸಾಲದೆ ಹೋದರೆ ಅಡ್ವಾನ್ಸ್ ವಾಪಸ್ ಅನ್ನೋ ಮಾತು ಅಗ್ರಿಮೆಂಟಿನಲ್ಲಿ ಇರಲಿಲ್ಲ. ಕೊಟ್ಟ 5 ಲಕ್ಷದಲ್ಲಿ 3 ಲಕ್ಷ ವಾಪಸ್ ಬಂತು, ಅದೂ ನಾಲ್ಕು ತಿಂಗಳು ಅಲೆದ ಮೇಲೆ.

ಈಗ ಯಾರಾದರೂ ಕೇಳಿದರೆ ಓನರ್ ಹೇಳಿದ ಬೆಲೆಯನ್ನು ಮೊದಲು ಮರೆಯಿರಿ ಅನ್ನುತ್ತೇನೆ. ಬ್ಯಾಂಕು ಕೊಡುವ 67, ಪೇಂಟು-ರಿಪೇರಿಗೆ 2 ಲಕ್ಷ ತೆಗೆದಿಟ್ಟು ಕೈಯಲ್ಲಿ ಉಳಿಯುವ 26, ಒಟ್ಟು 93. ರಿಜಿಸ್ಟ್ರೇಷನ್ನಿನ ಶೇ. 7.6 ಖರ್ಚೂ ಇದರೊಳಗೇ ಬರಬೇಕು, ಹಾಗಾಗಿ ಅದನ್ನು 1.076ರಿಂದ ಭಾಗಿಸಿದರೆ 86. ಆ ಮನೆಗೆ ಅವನ ಕೊನೆಯ ಮಾತು ಅದಾಗಬೇಕಿತ್ತು. ಮೊದಲ ಮಾತು 80. ಓನರ್ ಮುಖ ಸಿಂಡರಿಸಿದರೆ ಸಿಂಡರಿಸಲಿ. ಸರ್ಕಾರದ ಮಾರ್ಗಸೂಚಿ ಬೆಲೆ ಇಲ್ಲಿ ಕೆಲಸಕ್ಕೆ ಬರಲ್ಲ, ಅದು ಸ್ಟಾಂಪ್ ಡ್ಯೂಟಿಗೆ ಇಟ್ಟ ಕನಿಷ್ಠ ಬೆಲೆ ಅಷ್ಟೆ. ಪ್ಲಾನಿನಲ್ಲಿ ಇಲ್ಲದ ಮಹಡಿ ರೂಮು ಇದ್ದರೆ ಅದಕ್ಕೆ ನಾನಂತೂ ಬೆಲೆ ಹಾಕಲ್ಲ, ನೀವೂ ಹಾಕಬೇಡಿ.

ಹೋದ ತಿಂಗಳು ಅದೇ ಹುಡುಗ ಫೋನ್ ಮಾಡಿದ. "ಸರ್, ಇನ್ನೊಂದು ಮನೆ ನೋಡಿದ್ದೀವಿ. ಒಂದು ರೂಪಾಯಿನೂ ಕೊಟ್ಟಿಲ್ಲ. ಬಂದು ನೋಡ್ತೀರಾ?" ಈ ಮನೆಯ ಬ್ಯಾಂಕ್ ರಿಪೋರ್ಟ್ ಬೇರೆಯವರೇ ಮಾಡಬೇಕು ಅಂತ ಮೊದಲೇ ಹೇಳಿ, ಫೀಸು ತಗೊಂಡು ಹೋದೆ. ಟೆರೇಸ್ ಸೋರುತ್ತಿತ್ತು. ಓನರ್ 75 ಹೇಳುತ್ತಿದ್ದರು. 62ರಿಂದ ಶುರು ಮಾಡು ಅಂತ ಹೇಳಿ ಬಂದೆ.