ಇಬ್ಬರಿಗೆ ಯಾವ ಮೋಟರ್‌ಹೋಮ್ ಲೇಔಟ್ ಸರಿ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೋಟರ್‌ಹೋಮ್ ಬಗ್ಗೆ, ಅಂದರೆ ಒಳಗೇ ಹಾಸಿಗೆ, ಅಡುಗೆ, ಬಚ್ಚಲು ಇರುವ ಗಾಡಿಯ ಬಗ್ಗೆ, ನನ್ನನ್ನು ಕೇಳುವವರಲ್ಲಿ ಹೆಚ್ಚಿನವರದು ಒಂದೇ ಪ್ರಶ್ನೆ. "ನಾವು ಇರೋದು ಇಬ್ಬರೇ. ಯಾವ ಲೇಔಟ್ ತಗೊಂಡರೆ ಆರಾಮ?" ಗಾಡಿಯೊಳಗೆ ಯಾವುದು ಎಲ್ಲಿ ಅನ್ನುವ ಜೋಡಣೆಯೇ ಲೇಔಟ್. ಅಷ್ಟು ಹೊತ್ತಿಗೆ ಅವರು ನಾಲ್ಕಾರು ನಕ್ಷೆಗಳನ್ನು ನೋಡಿ ತಲೆ ಕೆಡಿಸಿಕೊಂಡಿರುತ್ತಾರೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗೇ ಕಾಣುತ್ತವೆ. ಮೇಲಿನಿಂದ ನೋಡಿ ಬರೆದ ಚಿತ್ರ ತಾನೇ, ಅದರಲ್ಲಿ ಮನುಷ್ಯರೇ ಇರುವುದಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಉದ್ದಕ್ಕೆ ಎರಡು ಒಂಟಿ ಹಾಸಿಗೆ. ನಡುವೆ ಬಚ್ಚಲು ಮತ್ತು ಅಡುಗೆ. ಮುಂದೆ ಇಬ್ಬರೂ ಕಾಲು ಚಾಚಿ ಕೂರುವಷ್ಟು ಜಾಗ. ಗಾಡಿಯ ಉದ್ದ ಸುಮಾರು 7 ಮೀಟರ್. ಇದು ಎಲ್ಲರಿಗೂ ಒಗ್ಗುವುದಿಲ್ಲ, ಯಾರಿಗೆ ಒಗ್ಗದು ಅನ್ನುವುದನ್ನೂ ಮುಂದೆ ಹೇಳುತ್ತೇನೆ.

ಇಬ್ಬರಿಗೆ ಗಾಡಿ ಅಂದ ಕೂಡಲೇ ಇಬ್ಬರೂ ಒಟ್ಟಿಗೆ ಮಾಡುವುದೇ ನಮ್ಮ ಕಣ್ಣಿಗೆ ಬರುತ್ತದೆ. ಒಟ್ಟಿಗೆ ಊಟ, ಒಟ್ಟಿಗೆ ನಿದ್ದೆ, ಕಿಟಕಿ ಪಕ್ಕ ಕೂತು ಹರಟೆ. ಅದಕ್ಕೆಲ್ಲ ಯಾವ ಗಾಡಿಯಾದರೂ ಸಾಕು. ತೊಂದರೆ ಬರುವುದು ಇಬ್ಬರೂ ಬೇರೆ ಬೇರೆ ಕೆಲಸದಲ್ಲಿರುವಾಗ. ಒಬ್ಬರಿಗೆ ರಾತ್ರಿ ಒಂಬತ್ತಕ್ಕೇ ಕಣ್ಣು ಎಳೆಯುತ್ತದೆ, ಇನ್ನೊಬ್ಬರಿಗೆ ಹನ್ನೊಂದಾದರೂ ಪುಸ್ತಕ ಕೆಳಗಿಡಲು ಮನಸ್ಸಿಲ್ಲ. ಒಬ್ಬರು ಬೆಳಗ್ಗೆ ಐದಕ್ಕೇ ಎದ್ದು ಒಲೆ ಹಚ್ಚುವವರು, ಇನ್ನೊಬ್ಬರು ಬಿಸಿಲು ಮುಖಕ್ಕೆ ಬೀಳುವ ತನಕ ಏಳದವರು. ಮನೆಯಲ್ಲಾದರೆ ಇನ್ನೊಂದು ಕೋಣೆಗೆ ಹೋಗುತ್ತೇವೆ. ಇಲ್ಲಿ ಇನ್ನೊಂದು ಕೋಣೆಯೇ ಇಲ್ಲ. ಅದಕ್ಕೇ ಯಾವ ಲೇಔಟ್ ನೋಡಿದರೂ ನಾನು ಕೇಳಿಕೊಳ್ಳುವುದು ಇಷ್ಟೇ: ಒಬ್ಬರು ಇದನ್ನು ಮಾಡುವಾಗ ಇನ್ನೊಬ್ಬರು ಎಲ್ಲಿರುತ್ತಾರೆ?

ಹಾಸಿಗೆಯಿಂದ ಶುರು ಮಾಡೋಣ. ಜಗಳಗಳೂ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತವೆ.

ಹಿಂದಿನ ಮೂಲೆಗೆ ತಾಗಿಸಿದ ಜೋಡಿ ಹಾಸಿಗೆಗೆ ಫ್ರೆಂಚ್ ಬೆಡ್ ಎನ್ನುತ್ತಾರೆ. ಒಂದು ಮಗ್ಗುಲು ಗೋಡೆಗೆ ಅಂಟಿರುತ್ತದೆ. ಕಾಲಿನ ಕಡೆ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಪಕ್ಕದ ಬಚ್ಚಲಿಗೆ ಹೋಗಲು ದಾರಿ ಬೇಕಲ್ಲ. ಜಾಗ ಚೆನ್ನಾಗಿ ಉಳಿಯುತ್ತದೆ, ಅದು ನಿಜ. ಆದರೆ ರಾತ್ರಿ ಎರಡು ಗಂಟೆಗೆ ಗೋಡೆ ಕಡೆ ಮಲಗಿದವರಿಗೆ ಎಚ್ಚರವಾಯಿತು ಅಂದುಕೊಳ್ಳಿ. ಹೊದಿಕೆಯಿಂದ ಕಾಲು ಬಿಡಿಸಿಕೊಳ್ಳಬೇಕು. ಎದ್ದು ಕೂರುವಾಗ ಮೇಲಿನ ಕಪಾಟಿಗೆ ತಲೆ ಬಡಿಯದಂತೆ ಬಗ್ಗಬೇಕು. ಕೂತಲ್ಲೇ ಸ್ವಲ್ಪ ಸ್ವಲ್ಪ ಜರುಗುತ್ತಾ ಕಾಲಿನ ಕಡೆಗೆ ಬರಬೇಕು. ಅಷ್ಟರಲ್ಲಿ ಇನ್ನೊಬ್ಬರ ಪಾದ ಸಿಗುತ್ತದೆ. ಅವರ ಕಡೆಯ ಮೂಲೆಯೇ ಕತ್ತರಿಸಿರುವುದು, ಅದಕ್ಕೇ ಅವರು ಕಾಲನ್ನು ನಡುವಿಗೆ ಎಳೆದುಕೊಂಡು ಮಲಗಿರುತ್ತಾರೆ. ಆ ಪಾದ ತುಳಿಯದೆ ಕೆಳಗಿಳಿದರೆ ನಿಮ್ಮ ಪುಣ್ಯ. ವಾಪಸ್ ಬರುವಾಗ ಇದೇ ಕಸರತ್ತು, ಕತ್ತಲಲ್ಲಿ, ಉಲ್ಟಾ. ಪ್ರತಿ ರಾತ್ರಿ ಒಬ್ಬರು ಎದ್ದರೆ ಇಬ್ಬರೂ ಎದ್ದ ಹಾಗೆ.

ಅಡ್ಡ ಹಾಸಿಗೆಯದ್ದೂ ಇದೇ ಕತೆ. ಗಾಡಿಯ ಹಿಂಭಾಗದಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಹಾಕುವ ಹಾಸಿಗೆ ಇದು. ವ್ಯಾನ್ ಕನ್ವರ್ಶನ್‌ಗಳಲ್ಲಿ, ಅಂದರೆ ಸರಕು ವ್ಯಾನನ್ನೇ ಒಳಗೆ ಮನೆಯಾಗಿಸಿದ ಗಾಡಿಗಳಲ್ಲಿ, ಜಾಸ್ತಿ ಕಾಣುವುದು ಇದೇ. ಇಲ್ಲಿ ನೋಡಬೇಕಾದ್ದು ನಿಮ್ಮ ಎತ್ತರ. ಇಂಥ ಗಾಡಿಗಳಿಗೆ ಹೆಚ್ಚಾಗಿ ಬಳಸುವ ಫಿಯಾಟ್ ಡುಕಾಟೊ ವ್ಯಾನಿನ ಹೊರಗಿನ ಅಗಲ, ಕನ್ನಡಿ ಬಿಟ್ಟು, 2.05 ಮೀಟರ್. ಗೋಡೆಯ ದಪ್ಪ ಕಳೆದರೆ ಮಲಗಲು ಉಳಿಯುವುದು 1.9 ಮೀಟರ್ ಆಸುಪಾಸು. 1.75 ಮೀಟರ್ ಎತ್ತರದವರಿಗೆ ಸಾಕು. 1.85 ಇದ್ದವರ ತಲೆ ಒಂದು ಗೋಡೆಗೆ, ಹೆಬ್ಬೆರಳು ಇನ್ನೊಂದು ಗೋಡೆಗೆ. ಮರ್ಸಿಡಿಸ್ ಸ್ಪ್ರಿಂಟರ್ ಒಳಗೆ ಇದಕ್ಕಿಂತಲೂ ಕಿರಿದು. ಅದಕ್ಕೇ ಕೆಲವರು ಅದರ ಪಕ್ಕದ ಗೋಡೆಗಳನ್ನು ಹೊರಗೆ ಉಬ್ಬಿಸಿ ಹಾಸಿಗೆಗೆ ಜಾಗ ಮಾಡುತ್ತಾರೆ.

ಐಲ್ಯಾಂಡ್ ಬೆಡ್ ಅಂದರೆ ನಡುವೆ ಇಟ್ಟ ಜೋಡಿ ಹಾಸಿಗೆ. ಎರಡೂ ಕಡೆಯಿಂದ ಇಳಿಯಬಹುದು, ಯಾರೂ ಯಾರನ್ನೂ ದಾಟಬೇಕಿಲ್ಲ. ಫೋಟೋದಲ್ಲಿ ಹೋಟೆಲ್ ರೂಮಿನ ಹಾಗೆ ಕಾಣುತ್ತದೆ, ಜನ ಮರುಳಾಗುವುದೂ ಅದಕ್ಕೇ. ಒಮ್ಮೆ ಪಕ್ಕದಲ್ಲಿ ನಡೆದು ನೋಡಿ. ಬಹಳ ಗಾಡಿಗಳಲ್ಲಿ ಆ ಓಣಿಯಲ್ಲಿ ಅಡ್ಡಡ್ಡವೇ ಹೋಗಬೇಕು. ಹಾಸಿಗೆಯ ಉದ್ದ, ಅದರ ಕಾಲ ಬಳಿ ಓಡಾಡುವ ಜಾಗ ಎರಡನ್ನೂ ಕೂಡಿಸಿದರೆ ಗಾಡಿಯ ದೊಡ್ಡ ಪಾಲು ಅಲ್ಲೇ ಹೋಯಿತು. ಹಗಲೆಲ್ಲ ಖಾಲಿ ಬಿದ್ದಿರುವ ಹಾಸಿಗೆಗೆ ಅಷ್ಟು ಕೊಟ್ಟು, ದಿನವಿಡೀ ಕೂರುವ ಜಾಗವನ್ನು ಕುಗ್ಗಿಸಿದ ಗಾಡಿಗಳೇ ಜಾಸ್ತಿ.

ಎರಡು ಒಂಟಿ ಹಾಸಿಗೆ ಅಂದರೆ ದಂಪತಿಗಳು ಮುಖ ಸಿಂಡರಿಸುತ್ತಾರೆ. "ಅಯ್ಯೋ, ಬೇರೆ ಬೇರೆನಾ?" ಅಂತ. ಹಾಗೇನಿಲ್ಲ. ನಡುವಿನ ಓಣಿಗೆ ಹಲಗೆ ಎಳೆದು, ಮೇಲೊಂದು ಚಿಕ್ಕ ಮೆತ್ತೆ ಹಾಕಿದರೆ ಹೆಚ್ಚಿನ ಗಾಡಿಗಳಲ್ಲಿ ಇಡೀ ಹಿಂಭಾಗ ಒಂದೇ ಹಾಸಿಗೆಯಾಗುತ್ತದೆ. ಬೇಡವಾದಾಗ ತೆಗೆದಿಡಬಹುದು. ಒಬ್ಬೊಬ್ಬರಿಗೆ 80 ಸೆಂಟಿಮೀಟರ್ ಅಗಲ ಸಿಕ್ಕರೂ ಸಾಕು, ಏಕೆಂದರೆ ಅದು ಪೂರ್ತಿ ನಿಮ್ಮದೇ. ಉದ್ದಕ್ಕೆ ಇರುವುದರಿಂದ ಎತ್ತರದವರಿಗೂ ಸರಿ. ಡುಕಾಟೊ ವ್ಯಾನುಗಳಲ್ಲಿ ಇಂಥ ಹಾಸಿಗೆ ಬೇಕಾದರೆ ಸಾಮಾನ್ಯವಾಗಿ 6.36 ಮೀಟರ್ ಉದ್ದದ್ದನ್ನೇ ನೋಡಬೇಕಾಗುತ್ತದೆ. ಒಂದು ಎಚ್ಚರಿಕೆ: ಕೆಳಗೆ ಸಾಮಾನಿನ ಗ್ಯಾರೇಜ್ ಇದ್ದರೆ ಹಾಸಿಗೆ ಎತ್ತರಕ್ಕೆ ಹೋಗುತ್ತದೆ. ಎರಡು ಮೂರು ಮೆಟ್ಟಿಲು ಹತ್ತಬೇಕು, ಹತ್ತಿದ ಮೇಲೆ ನೆಟ್ಟಗೆ ಕೂರಲು ಬರುತ್ತದೋ ಇಲ್ಲವೋ. ಮಂಡಿ ನೋವಿನವರು ತಗ್ಗಿನ ಹಾಸಿಗೆಯ ಮಾಡೆಲ್ ಹುಡುಕುವುದು ಒಳ್ಳೆಯದು.

ಇನ್ನು ಚಾವಣಿಯಿಂದ ಇಳಿಯುವ ಹಾಸಿಗೆ. ಹಗಲು ಮೇಲೆ ಹೋಗಿ ಕೂರುತ್ತದೆ, ರಾತ್ರಿ ಗುಂಡಿ ಒತ್ತಿದರೆ ಸೋಫಾದ ಮೇಲೆ ಇಳಿಯುತ್ತದೆ. 6 ಮೀಟರ್ ಗಾಡಿಯಲ್ಲಿ ಅರಮನೆಯಂಥ ಕೂರುವ ಜಾಗ ಬೇಕಾದರೆ ಇದರಷ್ಟು ಜಾಣ ಉಪಾಯ ಇನ್ನೊಂದಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ. ಇಲ್ಲದಿದ್ದರೆ ಒಂಬತ್ತಕ್ಕೆ ಹಾಸಿಗೆ ಇಳಿದ ಕೂಡಲೇ ಓದುವವರು ಎದ್ದು ಎಲ್ಲಿಗೆ ಹೋಗಬೇಕು? ಡ್ರೈವರ್ ಸೀಟಿಗೆ! ಸೋಫಾಗಳನ್ನೇ ಜೋಡಿಸಿ ಹಾಸಿಗೆ ಮಾಡುವ ಹಿಂಬದಿ ಲೌಂಜ್‌ಗೂ ಇದೇ ಮಾತು. ಮೂರು ಕಡೆ ಕಿಟಕಿ, ಹೊರಗಿನ ನೋಟ ಭರ್ಜರಿ. ಆದರೆ ದಿನಾ ರಾತ್ರಿ ಮೆತ್ತೆ ಜೋಡಿಸಬೇಕು, ದಿನಾ ಬೆಳಗ್ಗೆ ಬಿಡಿಸಬೇಕು. ಜೊತೆಗೆ ಮೆತ್ತೆಗಳ ಸಂದು ಸರಿಯಾಗಿ ಸೊಂಟದ ಕೆಳಗೇ ಬರುತ್ತದೆ.

ಕೂರುವ ಜಾಗದ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ. ಮೋಟರ್‌ಹೋಮ್ ಅಂದರೆ ಹೊರಗೆ ಸುತ್ತುವುದಕ್ಕೆ ಅಲ್ವಾ, ಒಳಗೆ ಕೂರುವವರು ಯಾರು ಅಂತ. ಎರಡು ದಿನ ಬಿಡದೆ ಮಳೆ ಹೊಡೆದಾಗ ಗೊತ್ತಾಗುತ್ತದೆ. ಮಾಮೂಲಿ ಲೇಔಟಿನಲ್ಲಿ ಮುಂದಿನ ಎರಡು ಸೀಟುಗಳನ್ನು ಹಿಂದಕ್ಕೆ ತಿರುಗಿಸಿ, ನಡುವೆ ಮೇಜು, ಅದರಾಚೆ ಬೆಲ್ಟ್ ಇರುವ ಇಬ್ಬರ ಬೆಂಚು. ಆ ಬೆಂಚು ಪ್ರಯಾಣಿಕರನ್ನು ಹೊರಲು ಮಾಡಿದ್ದು, ಬೆನ್ನು ಲಂಬವಾಗಿರುತ್ತದೆ. ಅಲ್ಲಿ ಕಾಲು ಮೇಲೆ ಹಾಕಿ ಒರಗಲು ಬರುವುದಿಲ್ಲ. ತಿರುಗಿಸಿದ ಸೀಟು ಕೆಲವು ಗಾಡಿಗಳಲ್ಲಿ ಎತ್ತರವಾಗಿ ಕಾಲು ತೂಗಾಡುತ್ತದೆ, ಚಳಿಯಲ್ಲಿ ಮುಂದಿನ ಗಾಜಿನಿಂದ ತಣ್ಣಗೆ ಹೊಡೆಯುತ್ತದೆ. ಓಡುವಾಗ ಇಬ್ಬರೂ ಮುಂದೆಯೇ ಕೂರುತ್ತೀರಿ ಅಂದಮೇಲೆ ಹಿಂದಿನ ಬೆಲ್ಟ್ ಸೀಟುಗಳಿಂದ ನಿಮಗೇನು? ಅದರ ಬದಲು ಎದುರುಬದುರು ಎರಡು ಉದ್ದ ಸೋಫಾ ಇರುವ ಗಾಡಿ ಸಿಕ್ಕರೆ ಬಿಡಬೇಡಿ. ಒಬ್ಬೊಬ್ಬರಿಗೆ ಒಂದೊಂದು.

ಅಡುಗೆ ಜಾಗದಲ್ಲಿ ನಾನು ನೋಡುವುದು ಒಲೆಗಿಂತ ಮೊದಲು ಓಣಿಯನ್ನು. ಒಬ್ಬರು ಒಲೆ ಮುಂದೆ ನಿಂತಾಗ ಇನ್ನೊಬ್ಬರು ಹಿಂದಿನಿಂದ ದಾಟಿ ಹೋಗಬಲ್ಲರಾ? ಡ್ರಾಯರ್ ಪೂರ್ತಿ ಎಳೆದಾಗ? ಫ್ರಿಜ್ ಬಾಗಿಲು ತೆಗೆದಾಗ? ಒಳಗೆ ಬರುವ ಬಾಗಿಲಿಗೆ ಎದುರೇ ಅಡುಗೆ ಕಟ್ಟೆ ಇದ್ದರೆ, ಹೊರಗಿಂದ ಬಂದವರು ಕುದಿಯುವ ಪಾತ್ರೆಯ ಪಕ್ಕದಲ್ಲೇ ಶೂ ಬಿಚ್ಚಬೇಕು. ಅಂದಹಾಗೆ ಫ್ರಿಜ್ಜೂ ನಿದ್ದೆಯ ವಿಷಯವೇ. ಗ್ಯಾಸಿನಲ್ಲೂ ಓಡುವ ಅಬ್ಸಾರ್ಪ್ಶನ್ ಫ್ರಿಜ್ ಸದ್ದು ಮಾಡುವುದಿಲ್ಲ, ಆದರೆ ಗಾಡಿ ಸಮತಟ್ಟಾಗಿ ನಿಂತರೇ ಸರಿಯಾಗಿ ಕೆಲಸ ಮಾಡುವುದು. ಕಂಪ್ರೆಸರ್ ಫ್ರಿಜ್ ಹೇಗೆ ನಿಲ್ಲಿಸಿದರೂ ತಣ್ಣಗಾಗುತ್ತದೆ, ಆಗಾಗ ಗುಂಯ್ ಅನ್ನುತ್ತದೆ. ಅದು ದಿಂಬಿನ ಪಕ್ಕ ಬೇಡ. ನೀರಿನ ಪಂಪ್ ಎಲ್ಲಿದೆ ಅಂತಲೂ ಕೇಳಿ. ಹಾಸಿಗೆ ಕೆಳಗಿದ್ದರೆ, ನಸುಕಿನಲ್ಲಿ ಒಬ್ಬರು ನಲ್ಲಿ ತಿರುಗಿಸಿದ ಕೂಡಲೇ ಇನ್ನೊಬ್ಬರ ಬೆನ್ನ ಕೆಳಗೆ ಗರ್ರ್ ಅನ್ನುತ್ತದೆ.

ಬಚ್ಚಲು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಹಾಸಿಗೆ ಮತ್ತು ಕೂರುವ ಜಾಗದ ನಡುವೆ ಇದ್ದರೆ ಇಬ್ಬರಿಗೂ ಹತ್ತಿರ. ಕೆಲವು ಗಾಡಿಗಳಲ್ಲಿ ಬಚ್ಚಲ ಬಾಗಿಲನ್ನೇ ಪೂರ್ತಿ ತೆರೆದರೆ ಅದು ಓಣಿಗೆ ಅಡ್ಡ ಬಂದು ಹಿಂದಿನ ಮಲಗುವ ಜಾಗವನ್ನು ಮುಚ್ಚುತ್ತದೆ. ಒಂದು ಬಾಗಿಲಿಗೆ ಎರಡು ಕೆಲಸ, ಮತ್ತು ನಾನು ಆಗಲೇ ಇಲ್ಲ ಅಂದ ಇನ್ನೊಂದು ಕೋಣೆ ಅಲ್ಲೇ ಸಿಕ್ಕಿತು. ಬರೀ ಪರದೆ ಇದ್ದರೆ ಬೆಳಕು ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ. ಪೂರ್ತಿ ಹಿಂದೆ, ಗಾಡಿಯ ಇಡೀ ಅಗಲಕ್ಕೆ ಇರುವ ಬಚ್ಚಲು ವಿಶಾಲವಾಗಿರುತ್ತದೆ, ಆದರೆ ಅದು ಕಸಿದ ಜಾಗ ಬೇರೆ ಕಡೆ ಕಡಿಮೆಯಾಗಿರುತ್ತದೆ. ಟಾಯ್ಲೆಟ್ಟಿನ ಕ್ಯಾಸೆಟ್, ಅಂದರೆ ಹೊರಗೆಳೆದು ಖಾಲಿ ಮಾಡುವ ಕೊಳಚೆ ಡಬ್ಬ, ಸಾಮಾನ್ಯವಾಗಿ 17ರಿಂದ 20 ಲೀಟರ್ ಹಿಡಿಯುತ್ತದೆ. ಇಬ್ಬರಿಗೆ ಎರಡು ಮೂರು ದಿನ, ಆಮೇಲೆ ಖಾಲಿ ಮಾಡಲೇಬೇಕು.

ಜಾರುವ ಬಾಗಿಲಿನ ವ್ಯಾನ್ ತಗೊಳ್ಳುವವರು ರಾತ್ರಿ ಒಮ್ಮೆ ಆ ಬಾಗಿಲು ಎಳೆದು ನೋಡಿ. ಒಳಗಿರುವವರು ಮಾತ್ರ ಅಲ್ಲ, ಪಕ್ಕದ ಗಾಡಿಯವರೂ ಏಳುತ್ತಾರೆ.

ತೂಕದ ಮಾತು ಬೇಸರದ್ದು, ಆದರೂ ಬಿಡುವ ಹಾಗಿಲ್ಲ. ಯುರೋಪಿನಲ್ಲಿ ಬಹಳ ಗಾಡಿಗಳನ್ನು ಒಟ್ಟು 3,500 ಕೆಜಿ ಮಿತಿಗೆ ಕಟ್ಟುತ್ತಾರೆ. ಅಲ್ಲಿನ ನಿಯಮದ ಪ್ರಕಾರ ಗಾಡಿಯ ಸಿದ್ಧ ತೂಕದಲ್ಲಿ, ಅಂದರೆ ಓಡಲು ಸಿದ್ಧವಾಗಿ ನಿಂತಾಗಿನ ತೂಕದಲ್ಲಿ, ಡ್ರೈವರ್ ಲೆಕ್ಕಕ್ಕೆ 75 ಕೆಜಿ, 90% ಇಂಧನ ಸೇರಿರುತ್ತದೆ. ಗಮನಿಸಿ, ಎರಡನೆಯವರು ಅದರಲ್ಲಿಲ್ಲ. ಅವರು, ಇಬ್ಬರ ಬಟ್ಟೆಬರೆ, ಪಾತ್ರೆಪಡಗ, ಸೈಕಲ್ಲು ಎಲ್ಲ ಉಳಿದ ಲೆಕ್ಕದಲ್ಲೇ ಬರಬೇಕು. 100 ಲೀಟರ್ ನೀರು ತುಂಬಿದರೆ ಅದೇ 100 ಕೆಜಿ. ದೊಡ್ಡ ಗ್ಯಾರೇಜ್ ಇದೆ ಅಂತ ಹಿಂದೆ ಎಲ್ಲವನ್ನೂ ತುರುಕಿದರೆ ಇನ್ನೊಂದು ತೊಂದರೆ. ಹಿಂದಿನ ಚಕ್ರದಿಂದ ಆಚೆಗೆ ಬಿದ್ದ ಭಾರ ಏತದ ಹಾಗೆ ಮುಂಭಾಗವನ್ನು ಎತ್ತುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಒದ್ದೆ ಹುಲ್ಲಿನ ಮೇಲೆ ಚಕ್ರ ಸುಮ್ನೆ ತಿರುಗುತ್ತಾ ನಿಲ್ಲುತ್ತದೆ.

ಹಾಗಾದರೆ ನನ್ನ ಉತ್ತರ ಯಾರಿಗೆ ಒಗ್ಗದು? ಊರೊಳಗೆ ಸುತ್ತುವ, ದಿನಕ್ಕೊಂದು ಕಡೆ ನಿಲ್ಲಿಸುವ, ಕಿರಿದಾದ ರಸ್ತೆಗೆ ನುಗ್ಗುವ ಜೋಡಿಗೆ 7 ಮೀಟರ್ ಗಾಡಿ ತಲೆನೋವು. ಅವರು 5.4 ಅಥವಾ 6 ಮೀಟರ್ ವ್ಯಾನ್ ಹಿಡಿದು ಅಡ್ಡ ಹಾಸಿಗೆಗೆ ಒಗ್ಗಿಕೊಳ್ಳುವುದೇ ಮೇಲು. ರಾತ್ರಿ ಜಾಸ್ತಿ ಏಳುವವರು ಹೊರಗಿನ ಮಗ್ಗುಲು ಹಿಡಿಯಲಿ. ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲುವವರು ಹಿಂಬದಿ ಲೌಂಜನ್ನು ಧಾರಾಳವಾಗಿ ನೋಡಬಹುದು.

ಗಾಡಿ ನೋಡಲು ಇಬ್ಬರೂ ಹೋಗಿ. ಶೂ ಬಿಚ್ಚಿ ಇಬ್ಬರೂ ಮಲಗಿ, ಗೋಡೆ ಕಡೆಯವರು ಎದ್ದು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತು ಬರಲಿ. ಮಾರುವವರು ವಿಚಿತ್ರವಾಗಿ ನೋಡಿದರೆ ನೋಡಲಿ. ಒಬ್ಬರು ಅಡುಗೆ ಮಾಡುವ ಹಾಗೆ ನಿಲ್ಲಿ, ಇನ್ನೊಬ್ಬರು ಬಟ್ಟೆ ಬದಲಾಯಿಸುವ ಹಾಗೆ ನಿಲ್ಲಿ, ಎಲ್ಲಿ ನಿಲ್ಲುತ್ತೀರಿ ನೋಡೋಣ. ನಿಲ್ಲಿಸಿದಾಗ ಜಾಗ ಹೆಚ್ಚಿಸಲು ಗೋಡೆ ಹೊರಗೆ ಜಾರುವ ದೊಡ್ಡ ಗಾಡಿಯಾದರೆ ಅದನ್ನು ಒಳಗೆಳೆದು, ಆಗಲೂ ಫ್ರಿಜ್ಜು, ಟಾಯ್ಲೆಟ್ಟು ಕೈಗೆ ಸಿಗುತ್ತವಾ ನೋಡಿ. ದಾರಿ ಮಧ್ಯೆ ನಿಲ್ಲಿಸಿದಾಗ ಬೇಕಾಗುವುದು ಅವೇ. ಸಾಧ್ಯವಾದರೆ ಅದೇ ಲೇಔಟಿನದ್ದನ್ನು ಒಂದು ವಾರ ಬಾಡಿಗೆಗೆ ತಗೊಳ್ಳಿ.

ಕೊನೆಗೆ ಬರುವ ಉಪಪ್ರಶ್ನೆ: "ಯಾರಾದರೂ ನೆಂಟರು ಬಂದರೆ?" ವರ್ಷಕ್ಕೆ ಎಷ್ಟು ರಾತ್ರಿ ಬರುತ್ತಾರೆ, ಲೆಕ್ಕ ಹಾಕಿ. ಆ ಎರಡು ಮೂರು ರಾತ್ರಿಗಾಗಿ ಇನ್ನೆರಡು ಬೆಲ್ಟ್ ಸೀಟು, ಇನ್ನೊಂದು ಇಳಿಯುವ ಹಾಸಿಗೆ, ಅದರ ಭಾರ, ಅದು ನುಂಗಿದ ಚಾವಣಿ ಎತ್ತರ ಎಲ್ಲವನ್ನೂ ನೀವು ವರ್ಷಪೂರ್ತಿ ಹೊರಬೇಕು. ಅವರಿಗೆ ಒಂದು ಒಳ್ಳೆಯ ಟೆಂಟ್ ಕೊಡಿಸಿ. ಗಾಡಿಯ ಪಕ್ಕದಲ್ಲೇ ಹಾಕಿಕೊಳ್ಳಲಿ.