ಗೊಂಬೆಯ ಕಿವಿ

ಇವತ್ತು ಅಡುಗೆಮನೆಯಲ್ಲಿ ಕೈಜಾರಿ ಸ್ಟೀಲ್ ತಟ್ಟೆ ಬಿತ್ತು. ಅಷ್ಟೇ.

ಹಾಲ್‌ನಲ್ಲಿ ಆಡುತ್ತಿದ್ದ ಪಕ್ಕದ ಮನೆ ಪುಟ್ಟಿ, ನಾಲ್ಕು ವರ್ಷ, ಥಟ್ಟನೆ ಕಿವಿ ಮುಚ್ಚಿದಳು. ತನ್ನದಲ್ಲ, ಗೊಂಬೆಯದು. "ಏನಿಲ್ಲ, ಮಲ್ಕೋ" ಅಂತ ಅದಕ್ಕೆ ಪಿಸುಗುಟ್ಟಿದಳು. ಆಮೇಲೆ ನನ್ನ ಮುಖ ನೋಡಿದಳು, ಕೋಪ ಬಂದಿದೆಯಾ ಅಂತ.

ಎಷ್ಟು ಜಾಣೆ, ಗಲಾಟೆನೇ ಮಾಡಲ್ಲ ಅಂತ ಹೊಗಳುತ್ತಿದ್ದೆವು. ಮತ್ತೆ ಹಾಸಿಗೆ ಒದ್ದೆ ಮಾಡ್ತಿದ್ದಾಳೆ ಅಂತ ಅವರಮ್ಮ ಹೇಳಿದಾಗಲೂ ಹೊಳೆಯಲಿಲ್ಲ. ಏಟು ಮಗುವಿಗೇ ಬೀಳಬೇಕಿಲ್ಲ, ಸದ್ದು ಕೇಳಿದರೂ ಸಾಕು. ರಾತ್ರಿ ಗೋಡೆಯಾಚೆಯ ಆ ಸದ್ದು ನಮಗೂ ಗೊತ್ತಿತ್ತು, ಅಲ್ವಾ? ಸುಮ್ನೆ ಟಿವಿ ಜೋರು ಮಾಡಿಕೊಂಡು ಕೂತಿದ್ದೆವು.

ಸಂಜೆ ಅವರಮ್ಮನಿಗೆ ಮಹಿಳಾ ಸಹಾಯವಾಣಿ 181 ಬರೆದುಕೊಟ್ಟೆ.

ಚೀಟಿ ವಾಪಸ್ ಕೊಟ್ಟರು. "ಟೈಲರ್ ಅಂತ ಸೇವ್ ಮಾಡ್ಕೊಂಡಿದ್ದೀನಿ" ಅಂದರು.